ಹನ್ನೆರಡು ವರ್ಷದ ಲೆಕ್ಕ

ನಮ್ಮ ದಾದಾ ದಾವಣಗೆರೆಯಲ್ಲಿ ಆಟೋ ಓಡಿಸಲು ಶುರು ಮಾಡಿದ್ದು 1984ರಲ್ಲಿ. ಅಂದಿನಿಂದ ಇಲ್ಲಿಯವರೆಗೆ ಮೂರು ಆಟೋ ಬದಲಾಗಿವೆ, ಹಿಂದಿನ ಫೋಟೋ ಮಾತ್ರ ಬದಲಾಗಿಲ್ಲ. ಅದು ಶಂಕರ್‌ನಾಗ್ ಅವರದು. ನಮ್ಮ ದಾದಿಗೆ ಮನೆಯಲ್ಲಿ ಯಾರ ಫೋಟೋ ಹಾಕುವುದೂ ಇಷ್ಟವಿಲ್ಲ. ಆಟೋ ನಿಲ್ಲುವುದು ಮನೆಯ ಹೊರಗೆ ತಾನೇ ಎಂಬುದು ದಾದಾನ ವಾದ. ಈ ಜಗಳ ನಾನು ಹುಟ್ಟುವ ಮೊದಲಿನಿಂದಲೂ ನಡೆದಿದೆ, ಇನ್ನೂ ಮುಗಿದಿಲ್ಲ.

ಆ ಆಟೋದಲ್ಲೇ ಶಾಲೆಗೆ ಹೋಗಿ ಬಂದ ನನಗೆ ಶಂಕರ್‌ನಾಗ್ ಎಂದರೆ ಒಂದು ಸ್ಟಿಕ್ಕರ್ ಅಷ್ಟೇ ಆಗಿತ್ತು. ಈ ಸಲ ಪತ್ರಿಕೆಗೆ ಯಾರಾದರೂ ತೀರಿಹೋದ ಕಲಾವಿದರ ಬಗ್ಗೆ ಬರೆದುಕೊಡಿ ಎಂದು ಕನ್ನಡ ಸರ್ ಹೇಳಿದಾಗ, ಸ್ಟಿಕ್ಕರ್ ಹಿಂದೆ ಇರುವ ಮನುಷ್ಯ ಯಾರು ಎಂದು ಮೊದಲ ಸಲ ಹುಡುಕಿದೆ.

ಶಂಕರ್‌ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಕಡೆಯವರು. ಮನೆಯ ಮಾತು ಕೊಂಕಣಿ. ಚಿಕ್ಕವರಿದ್ದಾಗಲೇ ಮುಂಬೈ ಸೇರಿ, ಅಲ್ಲಿ ಮರಾಠಿ ರಂಗಭೂಮಿಯಲ್ಲಿ ಬೆಳೆದರು. ಮುಂದೆ ಅವರ ಪತ್ನಿಯಾದ ಅರುಂಧತಿ ಪರಿಚಯವಾಗಿದ್ದು ಅಲ್ಲಿಯ ನಾಟಕಗಳಲ್ಲೇ. '22 ಜೂನ್ 1897' ಎಂಬ ಮರಾಠಿ ಸಿನಿಮಾದ ಬರವಣಿಗೆಯಲ್ಲೂ ಅವರ ಕೈ ಇದೆ. ಅಣ್ಣ ಅನಂತ್‌ನಾಗ್ ಅಷ್ಟರಲ್ಲಿ ಕನ್ನಡ, ಹಿಂದಿ ಸಿನಿಮಾಗಳಲ್ಲಿ ಹೆಸರು ಮಾಡಿದ್ದರು.

ಇಲ್ಲಿ ನನ್ನದೊಂದು ಮಾತು ಸೇರಿಸುತ್ತೇನೆ. ಹತ್ತನೇ ಕ್ಲಾಸಿನಲ್ಲಿದ್ದಾಗ ಬೇರೆ ಕಡೆ ನಡೆದ ಒಂದು ಭಾಷಣ ಸ್ಪರ್ಧೆಗೆ ಹೋಗಿದ್ದೆ. ನನ್ನ ಬಾಯಲ್ಲಿ 'ಳ' ಎಲ್ಲ 'ಲ' ಆಗಿ ಬಂತು. ಮುಂದಿನ ಸಾಲಿನವರು ನಕ್ಕರು. ಅರ್ಧಕ್ಕೇ ಇಳಿದು ಬಂದೆ, ಆಮೇಲೆ ಇವತ್ತಿನವರೆಗೂ ವೇದಿಕೆಯಲ್ಲಿ ಕನ್ನಡ ಮಾತಾಡಿಲ್ಲ. ಹಾಗಾಗಿ, ಮನೆಯಲ್ಲಿ ಕೊಂಕಣಿ, ನಾಟಕದಲ್ಲಿ ಮರಾಠಿ ಎಂದಿದ್ದ ಹುಡುಗ 23ನೇ ವಯಸ್ಸಿಗೆ ಕನ್ನಡ ಸಿನಿಮಾದ ನಾಯಕನಾದ ಎಂದು ಓದಿದಾಗ ಆ ಪುಟವನ್ನು ಎರಡು ಸಲ ಓದಿದೆ.

ಆ ಸಿನಿಮಾ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ', 1978ರದು. ಹಳೆಯ ಕಾಲದ ಕೂಲಿ ಸೈನಿಕನ ಪಾತ್ರ, ಹೆಸರು ಗಂಡುಗಲಿ. ಮೊದಲ ಪಾತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಇಷ್ಟಾದ ಮೇಲೆ ಗಂಭೀರ ಸಿನಿಮಾಗಳಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ. 1980ರಲ್ಲಿ 'ಆಟೋ ರಾಜ' ಬಂತು. ಖಾಕಿ ಅಂಗಿಯ ಆಟೋ ಡ್ರೈವರ್ ಕಥೆಯ ನಾಯಕನಾಗಿದ್ದ. ದಾದಾ ಆಗ ಲೈಸೆನ್ಸ್ ಕೂಡ ಇಲ್ಲದ ಹುಡುಗ, ಅದನ್ನು ಎಷ್ಟು ಸಲ ನೋಡಿದರೋ ಅವರಿಗೇ ಲೆಕ್ಕವಿಲ್ಲ. ತಮಗೆ ಬರುವ ಕನ್ನಡದಲ್ಲಿ ಅರ್ಧ ಸವಾರಿಗಳಿಂದ ಬಂದದ್ದು, ಅರ್ಧ ಟಾಕೀಸಿನಿಂದ ಬಂದದ್ದು ಎನ್ನುತ್ತಾರೆ. ಇಂದಿಗೂ ಕರ್ನಾಟಕದ ಎಷ್ಟೋ ಊರುಗಳ ಆಟೋ ಸ್ಟ್ಯಾಂಡಿಗೆ ಶಂಕರ್‌ನಾಗ್ ಹೆಸರಿದೆ.

ನಾನು ಕಾಮರ್ಸ್ ವಿದ್ಯಾರ್ಥಿ, ಲೆಕ್ಕ ಹಾಕದೆ ಇರಲಾಗುವುದಿಲ್ಲ. 1978ರಿಂದ 1990ರವರೆಗೆ 12 ವರ್ಷ, ನಟಿಸಿದ ಸಿನಿಮಾ 80ಕ್ಕೂ ಹೆಚ್ಚು. ಎರಡು ತಿಂಗಳಿಗೆ ಒಂದಕ್ಕಿಂತ ಜಾಸ್ತಿಯಾಯಿತು. ಇದರಲ್ಲಿ ಎಲ್ಲವೂ ಒಳ್ಳೆಯವು ಎಂದರೆ ಸುಳ್ಳಾಗುತ್ತದೆ. ಈ ಲೇಖನಕ್ಕಾಗಿ ಮೊಬೈಲಿನಲ್ಲಿ ಕೆಲವು ನೋಡಿದೆ, ಎರಡನ್ನು ಅರ್ಧಕ್ಕೇ ಬಿಟ್ಟೆ. ಅದೇ ಹೊಡೆದಾಟ, ಅದೇ ಖಳನಾಯಕ. ಅಭಿಮಾನಿಗಳು ಅವರನ್ನು ಕರಾಟೆ ಕಿಂಗ್ ಎಂದು ಕರೆದರು. ದಾದಾ ಇದನ್ನು ಓದಿಸಿಕೊಂಡರೆ ಬೇಸರ ಮಾಡಿಕೊಳ್ಳುತ್ತಾರೆ, ಆದರೂ ನನಗೆ ಅನ್ನಿಸಿದ್ದು ಇದು.

ಆದರೆ ಲೆಕ್ಕದ ಒಂದು ಬದಿ ಮಾತ್ರ ನೋಡಿದರೆ ಸಾಲದು. ದುಡಿದದ್ದು ಎಲ್ಲಿಗೆ ಹೋಯಿತು ಎಂದೂ ನೋಡಬೇಕು. ಒಂದು ಪಾಲು ನಾಟಕಕ್ಕೆ ಹೋಯಿತು. ಬೆಂಗಳೂರಿನಲ್ಲಿ 'ಸಂಕೇತ್' ಎಂಬ ತಂಡ ಕಟ್ಟಿ, ಸಿನಿಮಾ ಕೆಲಸದ ನಡುವೆಯೇ ನಾಟಕ ಮಾಡಿಸಿದರು. ಕಾರ್ನಾಡರ 'ನಾಗಮಂಡಲ'ವನ್ನು ರಂಗಕ್ಕೆ ತಂದರು. ಇನ್ನೊಂದು ಪಾಲು ರೆಕಾರ್ಡಿಂಗ್ ಸ್ಟುಡಿಯೋಗೆ ಹೋಯಿತು. ಆಗ ಕನ್ನಡ ಸಿನಿಮಾದ ಹಾಡು, ಹಿನ್ನೆಲೆ ಸಂಗೀತಕ್ಕೆ ಬಹುಪಾಲು ಮದ್ರಾಸಿಗೆ ಓಡಬೇಕಿತ್ತು. ಹೋಗಿ ಬರುವ ಖರ್ಚು, ಹೋಟೆಲ್ ಖರ್ಚು, ಸ್ಟುಡಿಯೋ ಬಾಡಿಗೆ ಎಲ್ಲ ಅಲ್ಲಿಗೇ ಹೋಗುತ್ತಿತ್ತು. ಅದನ್ನು ತಪ್ಪಿಸಲು ಬೆಂಗಳೂರಿನಲ್ಲೇ ಸ್ಟುಡಿಯೋ ಮಾಡಿದರು. ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಉದ್ಯಮಶೀಲತೆ ಎಂಬ ಪಾಠವಿದೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಿರ್ದೇಶಕನಾಗಿ ಅವರ ಮೊದಲ ಸಿನಿಮಾ 'ಮಿಂಚಿನ ಓಟ', 1980ರದು. ಆಮೇಲೆ 'ಗೀತಾ', 'ನೋಡಿ ಸ್ವಾಮಿ ನಾವಿರೋದು ಹೀಗೆ', ಡಾ. ರಾಜ್‌ಕುಮಾರ್ ನಟಿಸಿದ 'ಒಂದು ಮುತ್ತಿನ ಕಥೆ'. ನನಗೆ ಮನಸ್ಸಿನಲ್ಲಿ ಉಳಿದದ್ದು 'ಆಕ್ಸಿಡೆಂಟ್'. ಅಮಲಿನಲ್ಲಿದ್ದ ರಾಜಕಾರಣಿಯ ಮಗ ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ಕಾರು ಹತ್ತಿಸುತ್ತಾನೆ. ಆಮೇಲೆ ಅದನ್ನು ಮುಚ್ಚಿಹಾಕಲು ಏನೇನು ನಡೆಯುತ್ತದೆ ಎಂಬುದೇ ಕಥೆ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಶಂಕರ್‌ನಾಗ್ ಪತ್ರಕರ್ತನ ಪಾತ್ರ ಮಾಡಿದ್ದಾರೆ. ಆಟೋ ರಾಜನಾಗಿ ಚಪ್ಪಾಳೆ ಗಿಟ್ಟಿಸಿದವರೇ ರಸ್ತೆ ಬದಿ ಸತ್ತವರ ಬಗ್ಗೆ ಹಾಡಿಲ್ಲದ ಸಿನಿಮಾ ಮಾಡಿದರು.

ನಮ್ಮ ಲೆಕ್ಚರರ್‌ಗಳಿಗೆ ಶಂಕರ್‌ನಾಗ್ ಎಂದರೆ ಮೊದಲು ನೆನಪಾಗುವುದು 'ಮಾಲ್ಗುಡಿ ಡೇಸ್'. 1987ರಲ್ಲಿ ದೂರದರ್ಶನದಲ್ಲಿ ಬಂದ ಧಾರಾವಾಹಿ. ಕಥೆಗಳು ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದವು, ಧಾರಾವಾಹಿ ಹಿಂದಿಯಲ್ಲಿ. ಚಿತ್ರೀಕರಣ ಮಾತ್ರ ನಮ್ಮ ಮಲೆನಾಡಿನ ಆಗುಂಬೆಯಲ್ಲಿ, ಅಲ್ಲಿಯ ದೊಡ್ಡಮನೆಯಲ್ಲಿ. ರೈಲ್ವೆ ಸ್ಟೇಷನ್ ದೃಶ್ಯಗಳಿಗೆ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣ. ಈಗ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಇದೆ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಕಾರ್ನಾಡರು. ಒಂದು ಕಂತಿನಲ್ಲಿ ವಿಷ್ಣುವರ್ಧನ್ ಕೂಡ ಇದ್ದಾರೆ. ಸ್ವಾಮಿಯ ಕಂತುಗಳನ್ನು ನಾನು, ಅಮ್ಮಿ, ದಾದಿ ಮೂವರೂ ಕೂತು ನೋಡಿದೆವು. ಹಿಂದಿಯಾದ್ದರಿಂದ ದಾದಿಗೂ ಅರ್ಥವಾಯಿತು. ಮುಗಿದ ಮೇಲೆ, ಇದನ್ನು ಮಾಡಿದವರು ನಿಮ್ಮ ಆಟೋ ಫೋಟೋದವರೇ ಎಂದೆ. ದಾದಿ ನಂಬಲಿಲ್ಲ.

ಬೆಂಗಳೂರಿಗೆ ಮೆಟ್ರೋ ರೈಲು ಬೇಕು ಎಂದು ಆ ಕಾಲದಲ್ಲೇ ಯೋಜನೆ ಹಿಡಿದು ಓಡಾಡಿದವರಲ್ಲಿ ಅವರೂ ಒಬ್ಬರು. ಮೆಟ್ರೋ ಓಡಿದ್ದು 2011ರಲ್ಲಿ. ನಂದಿಬೆಟ್ಟಕ್ಕೆ ರೋಪ್‌ವೇ ಮಾಡುವ ಆಸೆಯೂ ಇತ್ತು.

1990ರ ಸೆಪ್ಟೆಂಬರ್ 30, ಭಾನುವಾರ. ಚಂದ್ರಶೇಖರ ಕಂಬಾರರ ನಾಟಕ ಆಧರಿಸಿದ 'ಜೋಕುಮಾರಸ್ವಾಮಿ' ಸಿನಿಮಾದ ಕೆಲಸಕ್ಕೆ ಬೆಂಗಳೂರಿನಿಂದ ಲೋಕಾಪುರದ ಕಡೆ ಹೊರಟಿದ್ದರು. ಕಾರಿನಲ್ಲಿ ಪತ್ನಿ ಅರುಂಧತಿ, ಪುಟ್ಟ ಮಗಳು ಕಾವ್ಯಾ ಇದ್ದರು. ಚಿತ್ರದುರ್ಗ ದಾಟಿ ನಮ್ಮೂರು ಇನ್ನೇನು ಬಂತು ಎನ್ನುವಾಗ, ಆನಗೋಡಿನ ಹತ್ತಿರ ಕಾರು ಅಪಘಾತಕ್ಕೀಡಾಯಿತು. ಪತ್ನಿ, ಮಗಳು ಉಳಿದರು. ಅವರು ಉಳಿಯಲಿಲ್ಲ. 36 ತುಂಬಲು 40 ದಿನ ಬಾಕಿ ಇತ್ತು.

ಆ ದಿನ ದಾದಾ ಬೆಳಗಿನ ಸವಾರಿಗೆ ನಿಂತಿದ್ದರಂತೆ. ಸುದ್ದಿ ಸ್ಟ್ಯಾಂಡಿಗೆ ಬಂದಾಗ ಮೂರು ಜನ ಡ್ರೈವರ್‌ಗಳು ಒಂದೇ ಆಟೋದಲ್ಲಿ ಆನಗೋಡಿಗೆ ಹೋದರು. ಅವರು ಮುಟ್ಟುವಷ್ಟರಲ್ಲಿ ಅಲ್ಲಿ ಜನರ ಗುಂಪು, ರಸ್ತೆ ಮೇಲೆ ಗಾಜಿನ ಚೂರು, ಅಷ್ಟೇ. ಇದಕ್ಕಿಂತ ಹೆಚ್ಚು ದಾದಾ ಹೇಳುವುದಿಲ್ಲ. ನಾವು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗುವಾಗ ಆನಗೋಡು ಬಂದರೆ ಅವರು ಮಾತು ನಿಲ್ಲಿಸುವುದು ಯಾಕೆಂದು ಈಗ ನನಗೆ ಗೊತ್ತು.

ಅರುಂಧತಿ ನಾಗ್ ಗಾಯಗಳಿಂದ ಚೇತರಿಸಿಕೊಂಡು ಮತ್ತೆ ರಂಗಕ್ಕೆ ಬಂದರು. ನಾಟಕಕ್ಕೆಂದೇ ಒಂದು ರಂಗಮಂದಿರ ಬೇಕು ಎಂದು ವರ್ಷಗಟ್ಟಲೆ ದುಡಿದರು. 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗಶಂಕರ' ತೆರೆಯಿತು. ಅಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಕನ್ನಡ ಮಾತ್ರವಲ್ಲ, ಬೇರೆ ಬೇರೆ ಭಾಷೆಯ ನಾಟಕಗಳೂ ಅಲ್ಲಿ ನಡೆಯುತ್ತವೆ.

ಕಳೆದ ತಿಂಗಳು ದಾದಾ ಸಾಲ ಮಾಡಿ ಎಲೆಕ್ಟ್ರಿಕ್ ಆಟೋ ತೆಗೆದುಕೊಂಡರು. ಹಳೆಯದರ ಫೋಟೋ ಕಿತ್ತರೆ ಹರಿಯುತ್ತದೆ, ಬಿಟ್ಟುಬಿಡೋಣ ಎಂದು ಅಬ್ಬಾ ಹೇಳಿದರು. ಸ್ಟಿಕ್ಕರ್ ಅಂಗಡಿಗೆ ದಾದಾನ ಜೊತೆ ನಾನೇ ಹೋದೆ. ಅಂಗಡಿಯ ಹುಡುಗ ಈಗಿನ ಹೀರೋಗಳ ಫೋಟೋ ಎಲ್ಲ ತೋರಿಸಿದ. ದಾದಾ ಖಾಕಿ ಅಂಗಿಯದೇ ಬೇಕೆಂದು ಕೂತರು. ಕೆಳಗೆ ಹೆಸರು ಯಾವ ಭಾಷೆಯಲ್ಲಿ ಹಾಕಲಿ ಎಂದು ಹುಡುಗ ಕೇಳಿದಾಗ ದಾದಾ ನನ್ನ ಕಡೆ ನೋಡಿದರು. ನಾನು ಅವನ ಚೀಟಿ ಇಸಿದುಕೊಂಡು ಕನ್ನಡದಲ್ಲಿ ಬರೆದುಕೊಟ್ಟೆ.