ಪತ್ರಿಕೆಗಾಗಿ ಜೈಲು ಕಂಡ ಸಾಂಗಲಿಯ ಕಾಕಾಸಾಹೇಬ

ಸಾಂಗಲಿ: ನಾಟ್ಯಪಂಢರಿ ಎನಿಸಿದ ಈ ಊರಿನ ಮಂದಿಗೆ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರ ಅಂದರೆ ಮೊದಲು ನೆನಪಾಗುವುದು ‘ಮಾನಾಪಮಾನ’, ‘ಸ್ವಯಂವರ’ ನಾಟಕಗಳು. ಮಿರಜಿನಲ್ಲಿ ರಂಗಕ್ಕೆ ಬಂದ ಬಾಲಗಂಧರ್ವರು ಈ ನಾಟಕಗಳಿಂದಲೇ ಮನೆಮಾತಾದರು. ಮುಂಬಯಿಯ ‘ನವಾಕಾಳ’ ದಿನಪತ್ರಿಕೆ ಹುಟ್ಟುಹಾಕಿದವರೂ ಇದೇ ಖಾಡಿಲ್ಕರರು ಎಂಬುದು ಮಾತ್ರ ನಮ್ಮ ಕನ್ನಡ ಮಂದಿಯಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

1872ರ ನವೆಂಬರ್ 25ರಂದು ಸಾಂಗಲಿಯಲ್ಲಿ ಹುಟ್ಟಿದ ಕಾಕಾಸಾಹೇಬರು ಪುಣೆಯಲ್ಲಿ ಬಿ.ಎ. ಮುಗಿಸಿ, ಕೆಲಕಾಲ ಊರಲ್ಲೇ ಮಾಸ್ತರಿಕೆ ಮಾಡಿ, ಲೋಕಮಾನ್ಯ ಟಿಳಕರ ‘ಕೇಸರಿ’ ಸೇರಿದರು. ನಡುವೆ ನೇಪಾಳಕ್ಕೆ ಹೋಗಿ, ಹಂಚಿನ ಕಾರ್ಖಾನೆ ನೆಪದಲ್ಲಿ ಬಂದೂಕು ತಯಾರಿಸುವ ಗುಪ್ತ ಯತ್ನಕ್ಕೂ ಕೈ ಹಾಕಿದ್ದುಂಟು. 1907ರ ‘ಕೀಚಕವಧ’ದ ಕೀಚಕನಲ್ಲಿ ಜನ ಲಾರ್ಡ್ ಕರ್ಜನ್‌ನನ್ನೇ ಕಂಡರು. 1910ರಲ್ಲಿ ಸರಕಾರ ಆ ನಾಟಕವನ್ನು ನಿಷೇಧಿಸಿತು.

1908ರಲ್ಲಿ ‘ಕೇಸರಿ’ ಲೇಖನಗಳ ಮೇಲೆ ರಾಜದ್ರೋಹದ ಖಟ್ಲೆ ನಡೆದು ಟಿಳಕರಿಗೆ 6 ವರ್ಷದ ಶಿಕ್ಷೆಯಾಯಿತು. ಅವರು ಮಂಡಾಲೆಗೆ ಹೋದರು. ಆ ಬರಹಗಳಲ್ಲಿ ಖಾಡಿಲ್ಕರರ ಕೈ ಇತ್ತು ಎಂಬ ಮಾತು ಮರಾಠಿ ಪತ್ರಿಕಾ ವಲಯದಲ್ಲಿ ಮೊದಲಿನಿಂದಲೂ ಇದೆ. ಯಾರೇ ಬರೆದಿರಲಿ, ಪತ್ರಿಕೆ ತನ್ನದು ಅಂತ ಟಿಳಕರು ಹೊಣೆಯನ್ನು ಬೇರೆಯವರ ತಲೆಗೆ ಕಟ್ಟಲಿಲ್ಲ. ಅಂಥ ಮಾಲೀಕರು ಆಗಲೂ ಬಾಳ ಮಂದಿ ಇರಲಿಲ್ಲ.

1920ರಲ್ಲಿ ಟಿಳಕರು ತೀರಿಕೊಂಡ ಮೇಲೆ ಚಿತ್ರ ಬದಲಾಯಿತು. ಖಾಡಿಲ್ಕರರು ಗಾಂಧೀಜಿಯವರ ಅಸಹಕಾರದ ಪರ. ‘ಕೇಸರಿ’ಯ ಸೂತ್ರ ಹಿಡಿದ ನ.ಚಿಂ. ಕೇಳಕರರ ಬಳಗಕ್ಕೆ ಅದು ಒಪ್ಪಿಗೆಯಿಲ್ಲ. ಪತ್ರಿಕೆಯ ಧೋರಣೆ ಒಂದು, ಬರೆಯುವವನ ಮನಸ್ಸು ಇನ್ನೊಂದು ಆದಾಗ ಹೊರಬೀಳುವವನು ಬರೆಯುವವನೇ. ಅವರೂ ಹೊರಬಿದ್ದರು. ಮುಂಬಯಿಯ ‘ಲೋಕಮಾನ್ಯ’ ಪತ್ರಿಕೆಗೆ ಸಂಪಾದಕರಾದರು, ಅಲ್ಲೂ ಬಹಳ ದಿನ ನಿಲ್ಲಲಿಲ್ಲ. ಕೊನೆಗೆ 1923ರಲ್ಲಿ ಸ್ವಂತದ್ದೇ ‘ನವಾಕಾಳ’ ಶುರು ಮಾಡಿದರು. ಐವತ್ತು ದಾಟಿದ ವಯಸ್ಸು, ನಾಟಕದಿಂದ ಬಂದ ಹೆಸರು ಬೇಕಾದಷ್ಟು. ಸುಮ್ಮನೆ ಕೂತಿದ್ದರೂ ನಡೆಯುತ್ತಿತ್ತು.

ಮಾಲೀಕರಾದ ಮೇಲೆ ಹೊಣೆಯೂ ಅವರ ಹೆಗಲಿಗೇ ಬಂತು. 1920ರ ದಶಕದ ಕೊನೆಗೆ ಮುಂಬಯಿಯ ಹಿಂದೂ–ಮುಸ್ಲಿಂ ಗಲಭೆ ಕುರಿತು ‘ನವಾಕಾಳ’ದಲ್ಲಿ ಬಂದ ಬರಹಕ್ಕೆ ಸರಕಾರ ರಾಜದ್ರೋಹದ ಖಟ್ಲೆ ಹಾಕಿತು. ಈ ಸಲ ಜೈಲಿಗೆ ಹೋದವರು ಕಾಕಾಸಾಹೇಬರೇ.

ಸಂಪಾದಕತ್ವ ಮಗ ಯಶವಂತರಿಗೆ ಹೋಯಿತು. 1933ರಲ್ಲಿ ನಾಗಪುರದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಖಾಡಿಲ್ಕರರು 1948ರ ಆಗಸ್ಟ್ 26ರಂದು ನಿಧನರಾದರು. ಮುಂದೆ ಮೊಮ್ಮಗ ನೀಳಕಂಠ ಖಾಡಿಲ್ಕರ ಅದೇ ಪತ್ರಿಕೆಯ ಅಗ್ರಲೇಖನಗಳಿಂದ ಮುಂಬಯಿಯಲ್ಲಿ ಹೆಸರಾದರು.