ನಗೆಯೊಳಗಿನ ಕಣ್ಣೀರು

ಲಂಡನ್ ನಗರದ ಬಡವರ ಬೀದಿಯೊಂದರ ಕೊನೆಯಲ್ಲಿ ಕಸಾಯಿಖಾನೆಯಿದ್ದಿತು. ಒಂದು ದಿನ ಅಲ್ಲಿಗೆ ಸಾಗುತ್ತಿದ್ದ ಕುರಿಯೊಂದು ತಪ್ಪಿಸಿಕೊಂಡು ಓಡತೊಡಗಿತು. ಹಿಡಿಯಹೋದವರು ಎಡವಿ ಬಿದ್ದರು, ನೋಡುತ್ತಿದ್ದವರು ನಕ್ಕರು. ಅವರೊಡನೆ ಬಾಲಕನೊಬ್ಬನೂ ನಕ್ಕನು. ಆದರೆ ಕುರಿ ಸಿಕ್ಕಿಬಿದ್ದಾಗ, ಅದಕ್ಕೆ ಒದಗಲಿರುವ ಗತಿ ಅವನಿಗೆ ಹೊಳೆಯಿತು. ಅವನು ಅಳುತ್ತ ತಾಯಿಯ ಬಳಿಗೆ ಓಡಿದನು. ಆ ಬಾಲಕನೇ ಚಾರ್ಲಿ ಚಾಪ್ಲಿನ್.

ಚಾಪ್ಲಿನ್ 1889ರ ಏಪ್ರಿಲ್ 16ರಂದು ಜನಿಸಿದನು. ತಂದೆತಾಯಿಗಳಿಬ್ಬರೂ ರಂಗದ ಮೇಲೆ ಹಾಡುವ ಕಲಾವಿದರು. ತಂದೆ ಸಂಸಾರದಿಂದ ದೂರವಾದನು. ತಾಯಿ ಕಾಯಿಲೆಗೆ ತುತ್ತಾದಳು. ಏಳನೆಯ ವಯಸ್ಸಿನಲ್ಲಿಯೇ ಅವನು ನಿರ್ಗತಿಕರ ಆಶ್ರಯಗೃಹವನ್ನು ಸೇರಬೇಕಾಯಿತು. ಮುಂದೆ ಹಾಸ್ಯನಾಟಕ ತಂಡವೊಂದರೊಡನೆ ಅಮೆರಿಕೆಗೆ ಹೋಗಿ, 1914ರಲ್ಲಿ ಮೂಕಿಚಿತ್ರಗಳ ನಟನಾದನು. ಬಿಗಿಯಾದ ಕೋಟು, ದೊಗಳೆ ಷರಾಯಿ, ದೊಡ್ಡ ಬೂಟು, ಪುಟ್ಟ ಹ್ಯಾಟು, ಕೈಯಲ್ಲಿ ಬೆತ್ತ, ತುಂಡುಮೀಸೆ - ಈ ಅಲೆಮಾರಿಯ ವೇಷವನ್ನು ಕಂಡೊಡನೆ ಪ್ರೇಕ್ಷಕರು ನಗಲು ಸಿದ್ಧರಾಗುತ್ತಿದ್ದರು.

ಪ್ರತಿಯೊಂದು ಬಗೆಯ ಚಿತ್ರಕ್ಕೂ ತನ್ನದೇ ಆದ ಸಂಪ್ರದಾಯವುಂಟು. ಹಾಸ್ಯಚಿತ್ರದಲ್ಲಿ ಬಿದ್ದವನಿಗೆ ನೋವಾಗದೆಂದು ನೋಡುವವರು ಮೊದಲೇ ನಂಬಿರುತ್ತಾರೆ. ಆದುದರಿಂದಲೇ ಅವರು ನಿಶ್ಚಿಂತೆಯಿಂದ ನಗುತ್ತಾರೆ. ಚಾಪ್ಲಿನ್ ಇದನ್ನು ಚೆನ್ನಾಗಿ ಅರಿತಿದ್ದನು. ಆದರೂ 1921ರ ‘ದಿ ಕಿಡ್’ ಚಿತ್ರದಲ್ಲಿ ನಗೆಯೊಡನೆ ಕರುಣೆಯನ್ನು ಬೆರೆಸಿದನು. ಇವೆರಡೂ ಕೂಡಲಾರವೆಂದು ಲೇಖಕನೊಬ್ಬನು ಎಚ್ಚರಿಸಿದ್ದನು. ಅಲೆಮಾರಿಯು ಸಾಕಿದ ಮಗುವನ್ನು ಅಧಿಕಾರಿಗಳು ಕಿತ್ತುಕೊಂಡು ಹೋಗುವ ದೃಶ್ಯದಲ್ಲಿ, ಅದುವರೆಗೆ ನಗುತ್ತಿದ್ದವರ ಕಣ್ಣುಗಳೇ ತೇವಗೊಂಡವು. ಚಿತ್ರವನ್ನು ಜನ ಮೆಚ್ಚಿದರು.

1923ರಲ್ಲಿ ಅವನು ‘ಎ ವುಮನ್ ಆಫ್ ಪ್ಯಾರಿಸ್’ ಎಂಬ ಗಂಭೀರ ಚಿತ್ರವನ್ನು ನಿರ್ದೇಶಿಸಿದನು. ಗುರುತು ಸಿಗದ ಕ್ಷಣಮಾತ್ರದ ಪಾತ್ರವೊಂದನ್ನು ಬಿಟ್ಟರೆ ಅದರಲ್ಲಿ ಅವನು ಕಾಣಿಸಿಕೊಳ್ಳಲಿಲ್ಲ. ತಾನು ಇದರಲ್ಲಿ ನಟಿಸಿಲ್ಲವೆಂದು ಚಿತ್ರದ ಆರಂಭದಲ್ಲಿಯೇ ತಿಳಿಸಿದ್ದನು. ವಿಮರ್ಶಕರು ಕೊಂಡಾಡಿದರು, ಆದರೆ ಅಲೆಮಾರಿಯನ್ನು ಕಾಣಬಯಸಿದ ಜನ ನಿರಾಶರಾದರು. ಕೊರತೆ ಚಿತ್ರದಲ್ಲಿರಲಿಲ್ಲ, ಜನರು ನಿರೀಕ್ಷಿಸಿ ಬಂದುದೇ ಬೇರೆಯಾಗಿತ್ತು.

ಚಾಪ್ಲಿನ್ ಈ ಸೋಲಿನಿಂದ ಎದೆಗುಂದಲಿಲ್ಲ. 1925ರಲ್ಲಿ ‘ದಿ ಗೋಲ್ಡ್ ರಷ್’ ಚಿತ್ರದಲ್ಲಿ ಹಳೆಯ ವೇಷವನ್ನೇ ಧರಿಸಿ ಬಂದನು. ಅದರಲ್ಲಿ ಹಸಿದ ಅಲೆಮಾರಿಯು ತನ್ನ ಬೂಟನ್ನೇ ಬೇಯಿಸಿ, ಹಬ್ಬದ ಊಟವೆಂಬಂತೆ ಸವಿಯುತ್ತಾನೆ. ಜನ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಹಸಿವಿನ ಸಂಕಟವನ್ನೂ ಕಂಡರು. ಅದು ಬಾಲ್ಯದಲ್ಲಿ ಅವನೇ ಉಂಡ ಸಂಕಟ.

1977ರ ಡಿಸೆಂಬರ್ 25ರಂದು ಸ್ವಿಟ್ಜರ್ಲೆಂಡಿನಲ್ಲಿ ಚಾಪ್ಲಿನ್ ನಿಧನನಾದನು. ಪ್ರೇಕ್ಷಕರು ಬಯಸಿದ ನಗೆಯನ್ನು ಅವನು ಮೊದಲು ಕೊಟ್ಟನು. ಅವರು ಬಯಸದೆ ಇದ್ದ ಕಣ್ಣೀರನ್ನು ಅದರೊಡನೆಯೇ ತರಿಸಿದನು. ಕುರಿಯನ್ನು ಕಂಡು ನಕ್ಕು, ಮರುಗಳಿಗೆಯಲ್ಲಿಯೇ ಅತ್ತ ಆ ಬಾಲಕನು ಕೊನೆಯವರೆಗೂ ಅವನೊಳಗೆ ಉಳಿದಿದ್ದನು.