ಕೆಲಸ ಬಿಡುವ ಹಕ್ಕು

 ಇಂದಿನ ಧಮ್ಮ ಚಿಂತನೆ.

ಕಳೆದ ಭಾನುವಾರ ಸಮ್ಯಕ್ ಆಜೀವದ ಪಾಠ ನಡೆಯುತ್ತಿದ್ದಾಗ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಸಹೋದರಿಯೊಬ್ಬರು, ಹೇಳದೆ ಕೇಳದೆ ಕೆಲಸದಿಂದ ಬಿಡಿಸಿದರೆ ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ಪಾಠ ಅಲ್ಲಿಗೇ ನಿಂತಿತು. ಮಾತೆಲ್ಲ ನೇಮಕಾತಿ ಪತ್ರ, ಲೇಬರ್ ಕೋರ್ಟು ಎಂದು ಹೊರಳಿತು. ಅಂದು ರಾತ್ರಿ ನಾನು ಬಾಬಾಸಾಹೇಬರ ಜೀವನವನ್ನು ಮತ್ತೆ ತೆಗೆದು ಓದಿದೆ. ಸಂವಿಧಾನ ಶಿಲ್ಪಿ ಎಂದು ಕರೆದು ಕರೆದು, ಅವರೂ ನೌಕರಿ ಕಳೆದುಕೊಂಡವರು, ಕಕ್ಷಿದಾರರಿಗಾಗಿ ಕಾದು ಕುಳಿತ ವಕೀಲರು ಎಂಬುದು ನಮಗೆ ಮರೆತೇ ಹೋಗಿದೆ.

1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗುವ ಮುನ್ನ ಅವರು ಒಂದು ಕರಾರಿಗೆ ಸಹಿ ಹಾಕಿದ್ದರು. ಓದು ಮುಗಿಸಿ ಬಂದ ಮೇಲೆ 10 ವರ್ಷ ಸಂಸ್ಥಾನದ ಸೇವೆ ಮಾಡಬೇಕು. ಮಾತಿಗೆ ತಪ್ಪದೆ 1917ರಲ್ಲಿ ಬರೋಡಾಕ್ಕೆ ಬಂದರು. ಕಚೇರಿಯಲ್ಲಿ ಜವಾನರು ಕಡತಗಳನ್ನು ದೂರದಿಂದಲೇ ಮೇಜಿನ ಮೇಲೆ ಎಸೆಯುತ್ತಿದ್ದರು. ಇರಲು ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ವಸತಿಗೃಹವೊಂದರಲ್ಲಿ ಉಳಿದರು. 11ನೇ ದಿನ ದೊಣ್ಣೆ ಹಿಡಿದ ಹತ್ತಾರು ಜನ ಬಂದು ಸಂಜೆಯೊಳಗೆ ಖಾಲಿ ಮಾಡಬೇಕೆಂದರು. ಊರಿನಲ್ಲಿದ್ದ ಇಬ್ಬರು ಸ್ನೇಹಿತರು, ಒಬ್ಬರು ಹಿಂದೂ, ಇನ್ನೊಬ್ಬರು ಕ್ರೈಸ್ತ, ನಯವಾಗಿಯೇ ಇಲ್ಲವೆಂದರು. ರಾತ್ರಿಯ ಮುಂಬಯಿ ರೈಲಿನವರೆಗೂ ಕಾಮಾಟಿ ಬಾಗ್ ಉದ್ಯಾನದಲ್ಲಿ ಕುಳಿತು ಕಣ್ಣೀರಿಟ್ಟರು.

ಈ ಕಥೆಯನ್ನು ನಾವು ಅಸ್ಪೃಶ್ಯತೆಯ ಕಥೆಯಾಗಿಯೇ ಹೇಳುತ್ತೇವೆ, ಅದು ಸರಿಯೇ. ಆದರೆ ಇದು ನೌಕರಿಯ ತಕರಾರೂ ಹೌದು. ಕಾಗದದ ಪ್ರಕಾರ ಸೇವೆ ಪೂರೈಸದವರು ಬಾಬಾಸಾಹೇಬರು. ನಿಜವಾಗಿ ಕರಾರು ಮುರಿದವರು ಯಾರು? ನೀರು, ನೆರಳು, ಮರ್ಯಾದೆ ಯಾವುದೂ ಸಿಗದಂತೆ ಮಾಡಿ, ಆಮೇಲೆ ತಾನೇ ಬಿಟ್ಟುಹೋದ ಎಂದು ಬರೆದುಕೊಳ್ಳುವ ಪದ್ಧತಿ ಇಂದಿಗೂ ನಿಂತಿಲ್ಲ.

ಮುಂಬಯಿಯಲ್ಲಿ ಷೇರು ವ್ಯವಹಾರದ ಸಲಹೆ ಕೊಡುವ ಕಚೇರಿ ತೆರೆದರು. ಜಾತಿ ತಿಳಿಯುತ್ತಲೇ ಗಿರಾಕಿಗಳು ಬರುವುದು ನಿಂತಿತು. 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನ ಪ್ರಾಧ್ಯಾಪಕರಾದರು, ಮತ್ತೆ ಲಂಡನ್ನಿಗೆ ಹೋಗಿ 1922ರಲ್ಲಿ ಬ್ಯಾರಿಸ್ಟರ್ ಆದರು. 1923ರಲ್ಲಿ ವಕೀಲಿಕೆಯ ಸನ್ನದಿಗೂ ಕೈಯಲ್ಲಿ ಹಣವಿರಲಿಲ್ಲ. ಗೆಳೆಯ ನವಲ್ ಭಥೇನಾ ಸಾಲ ಕೊಟ್ಟರು. ಹೈಕೋರ್ಟಿನಲ್ಲಿ ದೊಡ್ಡ ವ್ಯಾಪಾರದ ಮೊಕದ್ದಮೆಗಳು ಸಾಲಿಸಿಟರುಗಳ ಕೈಯಿಂದ ಬರುತ್ತಿದ್ದವು. ಅವರು ಅಸ್ಪೃಶ್ಯ ಬ್ಯಾರಿಸ್ಟರನ ಬಾಗಿಲಿಗೆ ಬರಲಿಲ್ಲ. ಪರೇಲಿನ ಬಡವರು ಬಂದರು. ಸಂಸಾರ ನಡೆಯಲು 1925ರಿಂದ 1928ರವರೆಗೆ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ಅರೆಕಾಲಿಕವಾಗಿ ವಾಣಿಜ್ಯ ಕಾನೂನು ಕಲಿಸಿದರು. ಕರಾರು ಎಂದರೇನು, ಅದು ಮುರಿದರೆ ಪರಿಹಾರವೇನು ಎಂದು ವ್ಯಾಪಾರಿಗಳ ಮಕ್ಕಳಿಗೆ ಪಾಠ ಹೇಳುತ್ತಿದ್ದವರು ಬರೋಡಾದ ಆ ಉದ್ಯಾನದಲ್ಲಿ ಕುಳಿತಿದ್ದ ಅದೇ ಯುವಕ.

ಅದೇ ಹೊತ್ತಿಗೆ ಅವರ ಮುಂದೆ ಇನ್ನೊಂದು ನೌಕರಿ ಇತ್ತು, ಯಾರೂ ಅರ್ಜಿ ಹಾಕದೆ ಹುಟ್ಟಿನಿಂದಲೇ ಬರುವಂಥದ್ದು. ಮಹಾರರ ವತನ. 1874ರ ಕಾಯ್ದೆಯ ಪ್ರಕಾರ ಊರಿನ ಚಾಕರಿ ವಂಶಪಾರಂಪರ್ಯ. ಹಗಲು ರಾತ್ರಿ ಎನ್ನದೆ ಕರೆದಾಗ ಹೋಗಬೇಕು. ವತನದಾರ ಇಲ್ಲದಿದ್ದರೆ ಮನೆಯ ಇನ್ನೊಬ್ಬರು ಹೋಗಬೇಕು. ಪ್ರತಿಫಲವೆಂದರೆ ತಲೆಮಾರಿಗೊಮ್ಮೆ ತುಂಡಾಗುವ ಒಂದಿಷ್ಟು ಇನಾಂ ಭೂಮಿ, ಊರವರು ಕೊಡುವ ಕಾಳು. ದುಡಿಮೆ ಸರ್ಕಾರದ್ದು, ಕೂಲಿ ಊರಿನ ಕೃಪೆ. ಊರು ಮುನಿದರೆ ಕಾಳು ನಿಂತಿತು. 1928ರ ಮಾರ್ಚ್ 19ರಂದು ಮುಂಬಯಿ ಶಾಸನಸಭೆಯಲ್ಲಿ ಅವರು ತಿದ್ದುಪಡಿ ಮಸೂದೆ ಮಂಡಿಸಿದರು. ಬೇಡವೆನ್ನುವವನಿಗೆ ಈ ಚಾಕರಿಯಿಂದ ಬಿಡುಗಡೆ ಇರಲಿ ಎಂಬುದು ಅದರ ತಿರುಳು. ವಿರೋಧ ಸವರ್ಣರಿಂದ ಮಾತ್ರ ಬರಲಿಲ್ಲ. ಭೂಮಿ ಹೋದೀತೆಂಬ ಭಯ ನಮ್ಮವರಲ್ಲೂ ಇತ್ತು. 1929ರಲ್ಲಿ ಮಸೂದೆಯನ್ನು ಹಿಂದಕ್ಕೆ ಪಡೆಯಬೇಕಾಯಿತು.

ಗಿರಣಿಗಳಲ್ಲಿ ಕಥೆ ಬೇರೆ, ನೋವು ಒಂದೇ. ಒಳ್ಳೆಯ ಕೂಲಿಯ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಲಾಳಿಗೆ ನೂಲು ಸೇರಿಸುವಾಗ ಬಾಯಿಂದ ಎಳೆಯಬೇಕು, ಎಂಜಲು ತಾಗುತ್ತದೆ ಎಂಬುದು ಕಾರಣ. ಇದು ಮಾಲೀಕರ ಮೈಲಿಗೆಯಲ್ಲ, ಜೊತೆಯ ಕಾರ್ಮಿಕರ ಮೈಲಿಗೆ. 1928ರ ದೊಡ್ಡ ಮುಷ್ಕರದ ಸಮಯದಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದೆಯೇ ಇಟ್ಟರು.

ಹಾಗೆಂದು ಮುಷ್ಕರದ ಹಕ್ಕನ್ನು ಅವರು ಬಿಟ್ಟುಕೊಡಲಿಲ್ಲ. 1938ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ಸರ್ಕಾರ ಕೈಗಾರಿಕಾ ವಿವಾದಗಳ ಮಸೂದೆ ತಂದಿತು. ಗೊತ್ತುಪಡಿಸಿದ ಕ್ರಮ ಪಾಲಿಸದೆ ಮುಷ್ಕರ ಹೂಡಿದರೆ ಅದು ಶಿಕ್ಷಾರ್ಹ. ಸ್ವತಂತ್ರ ಕಾರ್ಮಿಕ ಪಕ್ಷದ ನಾಯಕರಾಗಿ ಅವರು ಸಭೆಯಲ್ಲಿ ವಾದಿಸಿದ ರೀತಿ ಅಪ್ಪಟ ವಕೀಲನದು. ಕೆಲಸ ನಿಲ್ಲಿಸುವುದು ಹೆಚ್ಚೆಂದರೆ ಕರಾರುಭಂಗ. ವ್ಯಾಪಾರಿಯೊಬ್ಬ ಕರಾರು ಮುರಿದರೆ ಸಿವಿಲ್ ಕೋರ್ಟಿನಲ್ಲಿ ನಷ್ಟ ತುಂಬಿಸಿಕೊಳ್ಳುತ್ತಾರೆಯೇ ಹೊರತು ಜೈಲಿಗೆ ಕಳಿಸುವುದಿಲ್ಲ. ಕಾರ್ಮಿಕನಿಗೆ ಮಾತ್ರ ಏಕೆ ಶಿಕ್ಷೆ? ಮುಂಗಡ ಪಡೆದ ಕೆಲಸಗಾರ ಬಿಟ್ಟುಹೋದರೆ ಜೈಲಿಗೆ ಹಾಕುವ 1859ರ ಕಾಯ್ದೆಯನ್ನು ಬ್ರಿಟಿಷರೇ 1925ರಲ್ಲಿ ರದ್ದು ಮಾಡಿದ್ದರು. ಮನಸ್ಸಿಲ್ಲದವನಿಂದ ಶಿಕ್ಷೆಯ ಹೆದರಿಕೆಯಲ್ಲಿ ದುಡಿಸಿಕೊಳ್ಳುವುದಕ್ಕೆ ಗುಲಾಮಗಿರಿಯಲ್ಲದೆ ಬೇರೆ ಹೆಸರಿಲ್ಲ ಎಂಬುದು ಅವರ ನಿಲುವು. ನವೆಂಬರ್ 7ರಂದು ಕಮ್ಯುನಿಸ್ಟರೊಂದಿಗೆ ಸೇರಿ ಒಂದು ದಿನದ ಮುಷ್ಕರ ನಡೆಸಿದರು. ಗೋಲಿಬಾರ್ ಆಯಿತು. ಮಸೂದೆಯಂತೂ ಕಾಯ್ದೆಯಾಯಿತು.

ನಾಲ್ಕು ವರ್ಷದ ಬಳಿಕ, 1942ರ ಜುಲೈನಲ್ಲಿ, ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರ ಕೈಗೇ ಬಂತು. ಯುದ್ಧಕಾಲದಲ್ಲಿ ಹೆಂಗಸರನ್ನು ಕಲ್ಲಿದ್ದಲು ಗಣಿಯ ಒಳಗೆ ದುಡಿಸಬಾರದೆಂಬ ನಿಷೇಧವನ್ನು ಸರ್ಕಾರ ಸಡಿಲಿಸಿದಾಗ ಅದನ್ನು ಸಮರ್ಥಿಸಬೇಕಾದ ಸ್ಥಾನದಲ್ಲಿ ಅವರೇ ಇದ್ದರು. ಇದನ್ನು ನಾವು ಮುಚ್ಚಿಡಬೇಕಿಲ್ಲ. ಕಾರ್ಖಾನೆ ಕೆಲಸ ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿದದ್ದು, ಕನಿಷ್ಠ ಕೂಲಿಯ ಮಸೂದೆ ಮೊದಲು ಸಭೆಗೆ ಬಂದದ್ದು ಅವರ ಕಾಲದಲ್ಲೇ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು 1946ರ ಸ್ಥಾಯಿ ಆದೇಶಗಳ ಕಾಯ್ದೆ. 100 ಜನಕ್ಕಿಂತ ಕಡಿಮೆಯಿಲ್ಲದ ಕಾರ್ಖಾನೆಯಲ್ಲಿ ಪಾಳಿ, ರಜೆ, ಯಾವುದು ದುರ್ನಡತೆ, ಕೆಲಸದಿಂದ ತೆಗೆಯುವ ಕ್ರಮವೇನು ಎಂಬುದನ್ನೆಲ್ಲ ಮಾಲೀಕ ಬರೆದು, ಅಧಿಕಾರಿಯಿಂದ ದೃಢೀಕರಿಸಿ, ಕಾರ್ಮಿಕರ ಭಾಷೆಯಲ್ಲಿ ಗೋಡೆಗೆ ಹಾಕಬೇಕಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಆ 100ನ್ನು 300ಕ್ಕೆ ಏರಿಸಿದೆ. ಸಹೋದರಿಯ ಪ್ರಶ್ನೆಗೆ ಉತ್ತರ ಹುಡುಕುವಾಗ ಇದೂ ನೆನಪಿರಲಿ.

ಕೊನೆಯ ವರ್ಷಗಳಲ್ಲಿ ಬರೆದ ಬುದ್ಧ ಮತ್ತು ಆತನ ಧಮ್ಮ ಗ್ರಂಥದಲ್ಲಿ ಗೃಹಸ್ಥ ಸಿಗಾಲನಿಗೆ ಬುದ್ಧರು ಕೊಟ್ಟ ಉಪದೇಶವನ್ನೂ ಅವರು ಸೇರಿಸಿದರು. ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆ ಬಿದ್ದರೆ ಆರೈಕೆ, ಕಾಲಕಾಲಕ್ಕೆ ಬಿಡುವು, ಇವು ಯಜಮಾನ ಆಳಿಗೆ ಸಲ್ಲಿಸಬೇಕಾದ ಕರ್ತವ್ಯಗಳು. ಕಾರ್ಮಿಕ ಖಾತೆಯ ಕಡತಗಳನ್ನು ಓದಿದವರಿಗೆ ಈ ಪಟ್ಟಿ ಹೊಸದೆನಿಸದು.

1956ರ ಡಿಸೆಂಬರ್ 6ರಂದು ಅವರು ಕಣ್ಮುಚ್ಚಿದಾಗ ವತನ ಇನ್ನೂ ಬದುಕಿತ್ತು. ಬೆಳಗಾವಿ, ಧಾರವಾಡ, ವಿಜಯಪುರದ ಊರುಗಳು ಮುಂಬಯಿ ಪ್ರಾಂತ್ಯ ಬಿಟ್ಟು ನಮ್ಮ ರಾಜ್ಯಕ್ಕೆ ಸೇರಿ ಒಂದು ತಿಂಗಳಾಗಿತ್ತು. ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1961ರಲ್ಲಿ ಬಂದು, ಜಾರಿಯಾದದ್ದು 1963ರ ಫೆಬ್ರವರಿ 1ರಂದು. ತೋಟಿ, ವಾಲೀಕಾರರಾಗಿದ್ದ ನಮ್ಮ ಅಜ್ಜಂದಿರಲ್ಲಿ ಕೆಲವರಿಗೆ ಆಗ ಭೂಮಿ ಮರುಮಂಜೂರಾಯಿತು. ಯಾರ ಮನೆಯಲ್ಲಾದರೂ ಆ ಕಾಗದ ಉಳಿದಿದ್ದರೆ ಈ ಭಾನುವಾರ ತನ್ನಿ, ಓದೋಣ.